ಕೆನಡಾದಲ್ಲಿ ಓದಿ ಬೆಳೆದ ಕೊಡಗಿನ ಮಕ್ಕಳಿಗೆ ಪಿಆರ್: ಅರ್ಜಿ ಹಾಕುವ ಪೂರ್ತಿ ದಾರಿ

ಕೆನಡಾದಲ್ಲಿ ಆರು ವರ್ಷ ಓದಿದ್ದರೂ ಅಷ್ಟಕ್ಕೇ ಯಾರಿಗೂ ಪಿಆರ್, ಅಂದರೆ ಅಲ್ಲೇ ಕಾಯಂ ಆಗಿ ನೆಲೆಸುವ ಅನುಮತಿ, ಸಿಗುವುದಿಲ್ಲ. ಊರಲ್ಲಿರುವ ಅಪ್ಪ ಅಮ್ಮಂದಿರಿಗೆ ಇದನ್ನು ಹೇಳಿದರೆ ನಂಬುವುದೇ ಕಷ್ಟ. ಹೈಸ್ಕೂಲಿಗೇ ಹೋದ ಮಗ ಅಲ್ಲೇ ಬೆಳೆದ, ಅಲ್ಲೇ ಡಿಗ್ರಿ ಮಾಡಿದ, ಅಲ್ಲಿಯವರ ಹಾಗೇ ಇಂಗ್ಲಿಷ್ ಮಾತಾಡುತ್ತಾನೆ, ಇನ್ನೂ ಯಾಕೆ ಕೊಟ್ಟಿಲ್ಲ ಅಂತ ಕೇಳುತ್ತಾರೆ. ಓದಿನ ಸರ್ಟಿಫಿಕೇಟಿಗೆ ಅಂಕ ಇದೆ. ಸ್ಟಡಿ ಪರ್ಮಿಟ್‌ನಲ್ಲಿ ಕಳೆದ ವರ್ಷಗಳಿಗೆ ಇಲ್ಲ. ಪಿಆರ್‌ನ ಲೆಕ್ಕ ಶುರುವಾಗುವುದು ಓದು ಮುಗಿದ ಮೇಲೆ ಸಿಗುವ ಮೊದಲ ಸರಿಯಾದ ಕೆಲಸದಿಂದ.

ಓದಿದವರಲ್ಲಿ ಹೆಚ್ಚಿನವರು ಹಿಡಿಯುವ ದಾರಿ ಎಕ್ಸ್‌ಪ್ರೆಸ್ ಎಂಟ್ರಿ. ಓದು, ವಯಸ್ಸು, ಭಾಷೆ, ಕೆಲಸಕ್ಕೆ ಅಂಕ ಕೊಟ್ಟು, ಹೆಚ್ಚು ಅಂಕ ಇರುವವರನ್ನು ಪಿಆರ್ ಅರ್ಜಿಗೆ ಕರೆಯುವ, 2015ರ ಜನವರಿಯಲ್ಲಿ ಶುರುವಾದ ವ್ಯವಸ್ಥೆ ಇದು. ಅದರೊಳಗಿನ ಕೆನಡಿಯನ್ ಎಕ್ಸ್‌ಪೀರಿಯನ್ಸ್ ಕ್ಲಾಸ್, ಅಂದರೆ ಸಿಇಸಿ, ನಮ್ಮ ಮಕ್ಕಳಿಗೆ ಹೊಂದುತ್ತದೆ. ಇಲ್ಲಿ ಹೇಳುವುದೆಲ್ಲ ಆ ದಾರಿಯ ಬಗ್ಗೆ.

ಮೊದಲು ನೀವು ಯಾವ ಗುಂಪು ಅಂತ ನೋಡಿಕೊಳ್ಳಿ

ಅಪ್ಪ ಅಮ್ಮನ ಜೊತೆ ಚಿಕ್ಕವರಿದ್ದಾಗಲೇ ಹೋದವರ ಕಥೆ ಬೇರೆ. ಅಪ್ಪನಿಗೋ ಅಮ್ಮನಿಗೋ ವರ್ಕ್ ಪರ್ಮಿಟ್ ಇದ್ದರೆ ಮಕ್ಕಳು ಸ್ಟಡಿ ಪರ್ಮಿಟ್ ಇಲ್ಲದೆ ಶಾಲೆಗೆ ಹೋಗಬಹುದು. ಆದರೆ ಆ ಪ್ರಾಂತ್ಯದಲ್ಲಿ ವಯಸ್ಕರೆನಿಸುವ ವಯಸ್ಸು, ಅಂದರೆ 18 ಅಥವಾ 19, ಮುಟ್ಟಿದರೆ ಪರ್ಮಿಟ್ ಬೇಕು. ಹಲವರು ಇಲ್ಲೇ ಎಡವುತ್ತಾರೆ. ಹುಟ್ಟುಹಬ್ಬ ಕಳೆದು ಹೋಗಿರುತ್ತದೆ, ಕಾಗದ ಇರುವುದಿಲ್ಲ.

ಹೆತ್ತವರು ಪಿಆರ್‌ಗೆ ಹಾಕುತ್ತಿದ್ದರೆ 22 ತುಂಬದ, ಮದುವೆಯಾಗದ ಮಕ್ಕಳನ್ನು ಅದೇ ಅರ್ಜಿಯಲ್ಲಿ ಸೇರಿಸಬಹುದು. ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ ಪೂರ್ತಿ ಅರ್ಜಿ ತಲುಪಿದ ದಿನದ ವಯಸ್ಸೇ ಲೆಕ್ಕ. ಮಗನಿಗೆ 21 ಆಗಿದ್ದರೆ ಮನೆಯಲ್ಲಿ ಬೇರೆಲ್ಲ ಚರ್ಚೆ ಬಿಟ್ಟು ಮೊದಲು ಅದನ್ನು ಮುಗಿಸಿ. ಆ ಬಾಗಿಲು ಮುಚ್ಚಿದರೆ ಅವನು ತನ್ನದೇ ದಾರಿ ನೋಡಬೇಕು. ಪಿಯುಸಿ ಅಥವಾ ಡಿಗ್ರಿ ಮುಗಿಸಿ ಒಬ್ಬರೇ ಹೋದವರ ದಾರಿಯೂ ಅದೇ.

ಪಿಜಿಡಬ್ಲ್ಯೂಪಿ: ಒಂದೇ ಸಲ ಸಿಗುವ ಪರ್ಮಿಟ್

ಓದು ಮುಗಿದ ಮೇಲೆ ಕೊಡುವ ಈ ವರ್ಕ್ ಪರ್ಮಿಟ್ ಜೀವನದಲ್ಲಿ ಒಂದೇ ಸಲ. ಕನಿಷ್ಠ 8 ತಿಂಗಳ ಕೋರ್ಸ್ ಆಗಿರಬೇಕು, ಜಾಸ್ತಿ ಅಂದರೆ 3 ವರ್ಷ ಸಿಗುತ್ತದೆ. 2024ರ ಫೆಬ್ರವರಿ 15ರಿಂದ ಮಾಸ್ಟರ್ಸ್ ಮಾಡಿದವರಿಗೆ ಕೋರ್ಸ್ ಎರಡು ವರ್ಷಕ್ಕಿಂತ ಚಿಕ್ಕದಿದ್ದರೂ 3 ವರ್ಷ ಕೊಡುತ್ತಾರೆ. ಕಾಲೇಜು ಡಿಪ್ಲೊಮಾ ಆರಿಸುವವರು ಆ ವಿಷಯಕ್ಕೆ ಈ ಪರ್ಮಿಟ್ ಸಿಗುತ್ತದಾ ಅಂತ ಸೇರುವ ಮುಂಚೆಯೇ ಸರ್ಕಾರದ ಪಟ್ಟಿಯಲ್ಲಿ ನೋಡಿ. ಏಜೆಂಟ್ ಹೇಳಿದ್ದನ್ನೇ ನಂಬಬೇಡಿ.

ಕೋರ್ಸ್ ಮುಗಿದ 180 ದಿನದೊಳಗೆ ಅರ್ಜಿ ಹಾಕಬೇಕು. 2024ರ ನವೆಂಬರ್ 1ರಿಂದ ಭಾಷಾ ಪರೀಕ್ಷೆಯ ಫಲಿತಾಂಶವೂ ಬೇಕು. ಅದರ ಜೊತೆಗೇ ಪಾಸ್‌ಪೋರ್ಟ್ ತೆಗೆದು ನೋಡಿ. ಪಾಸ್‌ಪೋರ್ಟ್ ಮುಗಿಯುವ ದಿನದಾಚೆಗೆ ಪರ್ಮಿಟ್ ಕೊಡುವುದಿಲ್ಲ. ಹೈಸ್ಕೂಲಿನಲ್ಲಿ ಮಾಡಿಸಿದ ಪಾಸ್‌ಪೋರ್ಟ್ ಇಟ್ಟುಕೊಂಡು ಅರ್ಜಿ ಹಾಕಿದರೆ ಮೂರು ವರ್ಷ ಸಿಗಬೇಕಾದವರಿಗೆ ಒಂದು ವರ್ಷವಷ್ಟೇ ಸಿಗಬಹುದು. ಮೊದಲು ನವೀಕರಣ, ಆಮೇಲೆ ಅರ್ಜಿ.

ಯಾವ ಕೆಲಸ ಲೆಕ್ಕಕ್ಕೆ ಬರುತ್ತದೆ

ಇಡೀ ದಾರಿಯಲ್ಲಿ ಜಾಸ್ತಿ ಜನ ತಪ್ಪು ತಿಳಿದುಕೊಂಡಿರುವುದು ಇದನ್ನೇ.

ಸಿಇಸಿಗೆ ಬೇಕಾದದ್ದು ಕಳೆದ ಮೂರು ವರ್ಷದೊಳಗೆ ಕೆನಡಾದಲ್ಲಿ ಮಾಡಿದ ಒಂದು ವರ್ಷದ ಕೌಶಲದ ಕೆಲಸ, ಗಂಟೆಯಲ್ಲಿ 1,560. ವಾರಕ್ಕೆ 30 ಗಂಟೆಯಂತೆ 52 ವಾರ. ವಾರಕ್ಕೆ 50 ಗಂಟೆ ದುಡಿದರೂ ಬೇಗ ಮುಗಿಯುವುದಿಲ್ಲ, 30ರ ಮೇಲಿನದನ್ನು ಎಣಿಸುವುದಿಲ್ಲ. ಅರೆಕಾಲಿಕ ಕೆಲಸವಾದರೆ ಅಷ್ಟೇ ಗಂಟೆ ತುಂಬಲು ಜಾಸ್ತಿ ದಿನ ಹಿಡಿಯುತ್ತದೆ, ಅಷ್ಟೇ. ಪೂರ್ಣಾವಧಿ ವಿದ್ಯಾರ್ಥಿಯಾಗಿದ್ದಾಗ ಮಾಡಿದ ಕೆಲಸ, ಕೋರ್ಸಿನ ಭಾಗವಾದ ಕೋ-ಆಪ್ ಕೂಡ, ಇದಕ್ಕೆ ಸೇರುವುದಿಲ್ಲ. ಸ್ವಂತ ಉದ್ಯೋಗವೂ ಸೇರುವುದಿಲ್ಲ.

ಕೌಶಲದ ಕೆಲಸ ಅಂದರೆ ಯಾವುದು? ಕೆನಡಾದಲ್ಲಿ ಪ್ರತಿ ಉದ್ಯೋಗಕ್ಕೂ ಐದಂಕಿಯ ಎನ್‌ಒಸಿ (ಉದ್ಯೋಗಗಳ ರಾಷ್ಟ್ರೀಯ ವರ್ಗೀಕರಣ) ಸಂಖ್ಯೆ ಇದೆ. ಅದರ ಎರಡನೇ ಅಂಕಿ ಆ ಕೆಲಸದ ಟಿಯರ್, ಅಂದರೆ ಕೌಶಲದ ಮಟ್ಟ, ಹೇಳುತ್ತದೆ. 0, 1, 2, 3 ಆದರೆ ನಡೆಯುತ್ತದೆ. 4, 5 ಆದರೆ ಇಲ್ಲ. ಸಾಫ್ಟ್‌ವೇರ್ ಎಂಜಿನಿಯರ್ 21231, ಟಿಯರ್ 1. ನರ್ಸ್ 31301, ಅದೂ ಟಿಯರ್ 1. ಅಡುಗೆಯವರು 63200, ಟಿಯರ್ 3. ರೆಸ್ಟೊರೆಂಟ್ ಸೂಪರ್‌ವೈಸರ್ 62020, ಟಿಯರ್ 2. ಕೌಂಟರಿನಲ್ಲಿ ನಿಂತು ಕಾಫಿ ಮಾಡಿಕೊಡುವವರು 65201, ಟಿಯರ್ 5. ಕಾಫಿ ತೋಟದಲ್ಲೇ ಹುಟ್ಟಿದ ಹುಡುಗ ಟೊರೊಂಟೊದ ಕಾಫಿ ಅಂಗಡಿಯಲ್ಲಿ ಎರಡು ವರ್ಷ ಕಾಫಿ ಮಾಡಿದರೂ ಸಿಇಸಿಗೆ ಒಂದು ಗಂಟೆಯೂ ಸೇರದು. ಅದೇ ಪಟ್ಟಿಯಲ್ಲಿ ತೋಟ ನೋಡಿಕೊಳ್ಳುವ ಮ್ಯಾನೇಜರ್ 80020, ಟಿಯರ್ 0! ಹಾಗಂತ ಅಪ್ಪನ ತೋಟದಲ್ಲಿ ರಜೆಯಲ್ಲಿ ಓಡಾಡಿದ್ದನ್ನು ಮ್ಯಾನೇಜರ್ ಅನುಭವ ಅಂತ ತೋರಿಸಲು ಹೋಗಬೇಡಿ. ಸಂಬಳ ಬ್ಯಾಂಕಿಗೆ ಬಂದ ದಾಖಲೆ ಇಲ್ಲದೆ ಅದು ನಿಲ್ಲುವುದಿಲ್ಲ.

ಕೆಲಸಕ್ಕೆ ಸೇರಿದ ದಿನದಿಂದಲೇ ಕಾಗದ ಕೂಡಿಡಿ. ಆಫರ್ ಲೆಟರ್, ಪೇ ಸ್ಟಬ್ (ಸಂಬಳದ ಚೀಟಿ), ಟಿ4 (ವರ್ಷದ ಸಂಬಳ ಮತ್ತು ತೆರಿಗೆ ಕಡಿತದ ಪತ್ರ), ತೆರಿಗೆ ಇಲಾಖೆಯ ನೋಟಿಸ್ ಆಫ್ ಅಸೆಸ್‌ಮೆಂಟ್. ಇವೆಲ್ಲಕ್ಕಿಂತ ಮುಖ್ಯ ಮಾಲೀಕರು ಕೊಡುವ ಅನುಭವ ಪತ್ರ. ಕಂಪನಿಯ ಲೆಟರ್‌ಹೆಡ್ ಮೇಲೆ ನಿಮ್ಮ ಹುದ್ದೆ, ಸೇರಿದ ದಿನ, ವಾರಕ್ಕೆ ಎಷ್ಟು ಗಂಟೆ, ಸಂಬಳ, ಸೌಲಭ್ಯ, ನೀವು ಮಾಡುವ ಕೆಲಸಗಳ ವಿವರ, ಸಹಿ ಮಾಡಿದವರ ಹೆಸರು ಮತ್ತು ಸಂಪರ್ಕ ಇರಬೇಕು. ‘ಇವರು ನಮ್ಮಲ್ಲಿ ಒಳ್ಳೆಯ ನೌಕರರು’ ಅಂತ ನಾಲ್ಕು ಸಾಲು ಬರೆದುಕೊಟ್ಟರೆ ಅದು ಕ್ಯಾರೆಕ್ಟರ್ ಸರ್ಟಿಫಿಕೇಟ್ ಆಗುತ್ತದೆ, ಪುರಾವೆ ಆಗುವುದಿಲ್ಲ. ಕೆಲಸದ ವಿವರ ನಿಮ್ಮ ಎನ್‌ಒಸಿಯ ಮುಖ್ಯ ಕೆಲಸಗಳಿಗೆ ಹೊಂದಬೇಕು. ಆದರೆ ಸರ್ಕಾರಿ ಪುಟದ ಸಾಲುಗಳನ್ನು ಹಾಗೇ ಎತ್ತಿ ಹಾಕಿದರೆ ಅನುಮಾನ ಬರುತ್ತದೆ. ನೀವು ದಿನವೂ ಏನು ಮಾಡುತ್ತೀರೋ ಅದನ್ನೇ ಬರೆಸಿ.

ಸಂಬಳ ಕೈಗೆ ನಗದು, ಪತ್ರದಲ್ಲಿ ಮಾತ್ರ ಸೂಪರ್‌ವೈಸರ್ ಅನ್ನುವ ಮಾಲೀಕರೂ ಇದ್ದಾರೆ. ಅಲ್ಲಿಂದ ಬೇಗ ಹೊರಬನ್ನಿ. ಸುಳ್ಳು ದಾಖಲೆ ಸಿಕ್ಕಿಬಿದ್ದರೆ ಐದು ವರ್ಷ ಕೆನಡಾದ ಬಾಗಿಲು ಮುಚ್ಚುತ್ತದೆ. ವಿದ್ಯಾರ್ಥಿಯಾಗಿದ್ದಾಗ ತರಗತಿ ನಡೆಯುವ ವಾರಗಳಲ್ಲಿ ಕ್ಯಾಂಪಸ್ ಹೊರಗೆ 24 ಗಂಟೆಯ ಮಿತಿ ಇದೆ. ಅದನ್ನು ಮೀರಿದ್ದೂ ಪಿಆರ್ ಹೊತ್ತಿಗೆ ಕೆದಕಿದರೆ ಮೇಲೆ ಬರುತ್ತದೆ.

ಭಾಷಾ ಪರೀಕ್ಷೆ ಮತ್ತೊಮ್ಮೆ

ಯೂನಿವರ್ಸಿಟಿಗೆ ಸೇರುವಾಗ ಕೊಟ್ಟ ಐಇಎಲ್‌ಟಿಎಸ್ ಅಕಾಡೆಮಿಕ್ ಇಲ್ಲಿ ನಡೆಯುವುದಿಲ್ಲ. ಜನರಲ್ ಟ್ರೇನಿಂಗ್ ಬೇಕು. ಇಲ್ಲವೇ ಸೆಲ್ಪಿಪ್ ಜನರಲ್, ಇಲ್ಲವೇ ಪಿಟಿಇ ಕೋರ್. ಫಲಿತಾಂಶಕ್ಕೆ ಎರಡು ವರ್ಷ ಆಯಸ್ಸು, ಪಿಆರ್ ಅರ್ಜಿ ಸಲ್ಲಿಸುವ ದಿನವೂ ಅದು ಮುಗಿದಿರಬಾರದು. ‘ನಾನು ಹತ್ತನೇ ಕ್ಲಾಸಿಂದ ಇಲ್ಲೇ ಇದ್ದೇನೆ, ನನಗ್ಯಾಕೆ ಪರೀಕ್ಷೆ’ ಅಂದರೆ ಯಾರೂ ಕೇಳುವುದಿಲ್ಲ. ಅಲ್ಲೇ ಬೆಳೆದವರೇ ತಯಾರಿ ಇಲ್ಲದೆ ಹೋಗಿ ಬರವಣಿಗೆಯಲ್ಲಿ ಅಂಕ ಕಳೆದುಕೊಳ್ಳುವುದುಂಟು.

ಸಿಎಲ್‌ಬಿ, ಅಂದರೆ ಕೆನಡಾದ ಭಾಷಾ ಮಟ್ಟದ ಅಳತೆಯಲ್ಲಿ, 9 ಮುಟ್ಟುವುದೇ ಗುರಿಯಾಗಿರಲಿ. ಐಇಎಲ್‌ಟಿಎಸ್‌ನಲ್ಲಿ ಅದಕ್ಕೆ ಕೇಳುವುದರಲ್ಲಿ 8, ಉಳಿದ ಮೂರರಲ್ಲಿ 7 ಬೇಕು. ಅದು ಯಾಕೆ ಮುಖ್ಯ ಅನ್ನುವುದು ಲೆಕ್ಕದಲ್ಲೇ ಕಾಣುತ್ತದೆ.

ಅಂಕದ ಲೆಕ್ಕ

ಮದುವೆಯಾಗದ, 25 ವರ್ಷದ, ಕೆನಡಾದಲ್ಲೇ ನಾಲ್ಕು ವರ್ಷದ ಡಿಗ್ರಿ ಮಾಡಿ ಒಂದು ವರ್ಷ ಕೆಲಸ ಮಾಡಿದ ಹುಡುಗಿಯನ್ನು ತೆಗೆದುಕೊಳ್ಳಿ. ವಯಸ್ಸಿಗೆ 110. ಡಿಗ್ರಿಗೆ 120. ಒಂದು ವರ್ಷದ ಕೆಲಸಕ್ಕೆ 40. ಕೆನಡಾದಲ್ಲೇ ಓದಿದ್ದಕ್ಕೆ ಬೇರೆಯಾಗಿ 30. ಭಾಷೆಯಲ್ಲಿ ಸಿಎಲ್‌ಬಿ 9 ಬಂದರೆ 124. ಓದು ಮತ್ತು ಭಾಷೆ ಕೂಡಿದ್ದಕ್ಕೆ 25, ಓದು ಮತ್ತು ಕೆಲಸ ಕೂಡಿದ್ದಕ್ಕೆ 13. ಒಟ್ಟು 462. ಅದೇ ಹುಡುಗಿ ಸಿಎಲ್‌ಬಿ 7ರಲ್ಲೇ ನಿಂತರೆ 394. ಒಂದು ಪರೀಕ್ಷೆಯಲ್ಲಿ 68 ಅಂಕದ ವ್ಯತ್ಯಾಸ!

ಈಗ ಕಹಿ ಸುದ್ದಿ. 2024 ಮತ್ತು 2025ರಲ್ಲಿ ಸಿಇಸಿ ಡ್ರಾಗಳ (ಅಂಕ ನೋಡಿ ಆಹ್ವಾನ ಕೊಡುವ ಸುತ್ತುಗಳ) ಕಟ್‌ಆಫ್ 500ಕ್ಕಿಂತ ಮೇಲೇ ಇತ್ತು. ಅಂದರೆ 462 ಸಾಲದು. ಸಿಎಲ್‌ಬಿ 10 ಬಂದರೆ 12 ಏರುತ್ತದೆ, ಕೆಲಸದ ಎರಡನೇ ವರ್ಷ ತುಂಬಿದರೆ ಇನ್ನೊಂದು 25. ಅಲ್ಲಿಗೆ 499. ಕೆಲಸದ ಆಫರ್‌ಗೆ ಮುಂಚೆ ಕೊಡುತ್ತಿದ್ದ ಅಂಕವನ್ನು 2025ರ ಮಾರ್ಚ್ 25ರಿಂದ ತೆಗೆದುಹಾಕಿದ್ದಾರೆ. ಪ್ರಾಂತ್ಯದ ನಾಮನಿರ್ದೇಶನ ಸಿಕ್ಕರೆ 600 ಅಂಕ, ಅಲ್ಲಿಗೆ ಚಿಂತೆಯೇ ಇಲ್ಲ. ಆದರೆ ಪ್ರತಿ ಪ್ರಾಂತ್ಯದ ನಿಯಮ ಬೇರೆ, ಬದಲಾಗುವುದೂ ಬೇಗ.

ನನ್ನ ಕೇಳಿದರೆ ಓದುತ್ತಿರುವಾಗಲೇ ಫ್ರೆಂಚ್ ಕಲಿಯಿರಿ ಅನ್ನುತ್ತೇನೆ. ನಾಲ್ಕೂ ವಿಭಾಗದಲ್ಲಿ 7ನೇ ಮಟ್ಟ ಮುಟ್ಟಿದರೆ, ಇಂಗ್ಲಿಷೂ ಚೆನ್ನಾಗಿದ್ದರೆ 50 ಅಂಕ ಹೆಚ್ಚು. ಜೊತೆಗೆ ಫ್ರೆಂಚ್ ಬಲ್ಲವರಿಗೇ ಬೇರೆ ಡ್ರಾ ನಡೆಯುತ್ತದೆ, ಅದರ ಕಟ್‌ಆಫ್ 400ರ ಆಸುಪಾಸಿಗೂ ಇಳಿದಿದೆ. ಮನೆಯಲ್ಲಿ ಒಂದು ಭಾಷೆ, ಪೇಟೆಯಲ್ಲಿ ಕನ್ನಡ, ತೋಟದ ಲೈನ್‌ಮನೆ ಕಡೆ ಮತ್ತೊಂದು, ಶಾಲೆಯಲ್ಲಿ ಇಂಗ್ಲಿಷ್ ಅಂತ ಬೆಳೆದವರು ಕೊಡಗಿನವರು. ಇನ್ನೊಂದು ಭಾಷೆಗೆ ಹೆದರಬೇಕಾಗಿಲ್ಲ.

ಒಡಹುಟ್ಟಿದವರು ಕೆನಡಾದ ಪಿಆರ್ ಅಥವಾ ಪ್ರಜೆಯಾಗಿ ಅಲ್ಲೇ ಇದ್ದರೆ 15 ಅಂಕ. ಚಿಕ್ಕಪ್ಪನ ಮಗ ಒಂದೇ ಮನೆಯಲ್ಲಿ ಬೆಳೆದಿದ್ದರೂ ಅಂಕ ಸಿಗದು.

ಇಲ್ಲಿ ಡಿಗ್ರಿ, ಅಲ್ಲಿ ಡಿಪ್ಲೊಮಾ ಮಾಡಿದವರು ಇಲ್ಲಿನ ಡಿಗ್ರಿಗೆ ಇಸಿಎ (ಅದು ಕೆನಡಾದ ಯಾವ ಓದಿಗೆ ಸಮ ಅಂತ ಹೇಳುವ ವರದಿ) ಮಾಡಿಸಿ. ಎರಡು ಸರ್ಟಿಫಿಕೇಟ್ ಸೇರಿದರೆ 128 ಅಂಕದವರೆಗೆ ಸಿಗುತ್ತದೆ. ಅಂಕಪಟ್ಟಿ ತರಿಸಲು ನಿಮ್ಮ ಡಿಗ್ರಿ ಯಾರು ಕೊಟ್ಟದ್ದು ಅಂತ ನೋಡಿ. ಕೊಡಗು ವಿಶ್ವವಿದ್ಯಾಲಯ ಬಂದದ್ದು 2023ರಲ್ಲಿ. ಅದಕ್ಕೂ ಮುಂಚಿನವರಿಗೆ ಮಂಗಳೂರು ವಿವಿ, ಪೊನ್ನಂಪೇಟೆಯಲ್ಲಿ ಎಂಜಿನಿಯರಿಂಗ್ ಮಾಡಿದವರಿಗೆ ಬೆಳಗಾವಿಯ ವಿಟಿಯು.

ಹೆಸರು ಮತ್ತು ಊರು: ನಮ್ಮವರಿಗೇ ಬರುವ ತೊಡಕು

ಕೊಡಂದೇರ ಮಾದಪ್ಪ ಕಾರಿಯಪ್ಪ. ಫೀಲ್ಡ್ ಮಾರ್ಷಲ್ ಕಾರಿಯಪ್ಪನವರ ಪೂರ್ತಿ ಹೆಸರು. ಮೊದಲು ಮನೆಹೆಸರು, ನಡುವೆ ತಂದೆ, ಕೊನೆಗೆ ತಮ್ಮ ಹೆಸರು. ಇದನ್ನೇ ಕೆನಡಾದ ಫಾರಂ ಓದುವುದು ತಲೆಕೆಳಗಾಗಿ. ಕೊನೆಯಲ್ಲಿರುವುದು ಸರ್‌ನೇಮ್ ಅಂದುಕೊಳ್ಳುತ್ತದೆ. ಹಾಗಾಗಿ ನಮ್ಮ ಮಕ್ಕಳ ಕಾಗದಗಳಲ್ಲಿ ಎಸ್‌ಎಸ್‌ಎಲ್‌ಸಿ ಕಾರ್ಡಿನಲ್ಲಿ ಎರಡು ಇನಿಶಿಯಲ್, ಪಾಸ್‌ಪೋರ್ಟಿನಲ್ಲಿ ಮನೆಹೆಸರು ಬಿಡಿಸಿ ಬರೆದದ್ದು, ಕಾಲೇಜಿನ ಡಿಗ್ರಿಯಲ್ಲಿ ತಂದೆ ಹೆಸರೇ ಸರ್‌ನೇಮ್, ಟಿ4ನಲ್ಲಿ ಮತ್ತೇನೋ. ಅರೆಭಾಷೆ ಗೌಡರ ಮನೆಹೆಸರಿಗೂ ಇದೇ ಪಾಡು. ಮದುವೆಯಾದ ಮೇಲೆ ಗಂಡನ ಮನೆಹೆಸರಿಗೆ ಬದಲಾದ ಅಮ್ಮಂದಿರ ಹೆಸರು ಮಗುವಿನ ಜನನ ಪತ್ರದಲ್ಲಿ ಒಂದು, ಪಾಸ್‌ಪೋರ್ಟಿನಲ್ಲಿ ಇನ್ನೊಂದು.

ನಿಯಮ ಒಂದೇ. ಪಾಸ್‌ಪೋರ್ಟಿನಲ್ಲಿ ಯಾವ ಖಾನೆಯಲ್ಲಿ ಏನಿದೆಯೋ ಅದೇ ಎಲ್ಲ ಕಡೆ. ಭಾಷಾ ಪರೀಕ್ಷೆಗೆ, ಕೆಲಸಕ್ಕೆ, ಬ್ಯಾಂಕಿಗೆ, ತೆರಿಗೆಗೆ. ಹಳೆಯ ಕಾಗದಗಳನ್ನು ಬದಲಾಯಿಸಲು ಆಗದಿದ್ದರೆ ಎಲ್ಲ ಹೆಸರೂ ಒಬ್ಬರದೇ ಅಂತ ಮಡಿಕೇರಿಯಲ್ಲೋ ವಿರಾಜಪೇಟೆಯಲ್ಲೋ ನೋಟರಿ ಅಫಿಡವಿಟ್ ಮಾಡಿಸಿ, ಜೊತೆಗೆ ಒಂದು ಪುಟದ ವಿವರಣೆ ಪತ್ರ ಬರೆದು ಸೇರಿಸಿ. ಫಾರಂನಲ್ಲಿ ‘ಬೇರೆ ಹೆಸರು ಬಳಸಿದ್ದೀರಾ’ ಅಂತ ಕೇಳುವ ಕಡೆ ಆ ಎಲ್ಲವನ್ನೂ ಬರೆಯಿರಿ.

ಊರಿನ ಹೆಸರಿನದೂ ಇಂಥದೇ ಗೋಳು. ಹಳೆಯ ಕಾಗದದಲ್ಲಿ ಮರ್ಕೆರಾ, ಹೊಸದರಲ್ಲಿ ಮಡಿಕೇರಿ. ಒಂದರಲ್ಲಿ ಕೂರ್ಗ್, ಇನ್ನೊಂದರಲ್ಲಿ ಕೊಡಗು. ಪೊನ್ನಂಪೇಟೆ ಮತ್ತು ಕುಶಾಲನಗರ ಹೊಸ ತಾಲೂಕುಗಳಾದ ಮೇಲೆ ಪಾಸ್‌ಪೋರ್ಟ್ ವಿಳಾಸದಲ್ಲಿ ವಿರಾಜಪೇಟೆ ತಾಲೂಕು, ಆಧಾರ್‌ನಲ್ಲಿ ಪೊನ್ನಂಪೇಟೆ ತಾಲೂಕು. ಇದನ್ನೂ ಅದೇ ವಿವರಣೆ ಪತ್ರದಲ್ಲಿ ಎರಡು ಸಾಲು ಬರೆದರೆ ಸಾಕು. ಕನ್ನಡದಲ್ಲಿ ಮಾತ್ರ ಇರುವ ಕಾಗದಕ್ಕೆ ಇಂಗ್ಲಿಷ್ ಅನುವಾದ ಬೇಕು. ಅದನ್ನು ಮನೆಯವರು ಮಾಡುವಂತಿಲ್ಲ, ಎಷ್ಟೇ ಚೆನ್ನಾಗಿ ಬಂದರೂ.

ಪೊಲೀಸ್ ಸರ್ಟಿಫಿಕೇಟ್

ಕಳೆದ ಹತ್ತು ವರ್ಷದಲ್ಲಿ, 18 ತುಂಬಿದ ಮೇಲೆ, ಯಾವ ದೇಶದಲ್ಲಿ ಸತತ ಆರು ತಿಂಗಳು ಅಥವಾ ಜಾಸ್ತಿ ಇದ್ದಿರೋ ಆ ದೇಶದ್ದು ಬೇಕು. 15ನೇ ವಯಸ್ಸಿಗೆ ಹೋಗಿ ರಜೆಗಷ್ಟೇ ಊರಿಗೆ ಬಂದವರಿಗೆ ಈ ನಿಯಮದ ಪ್ರಕಾರ ಭಾರತದ್ದು ಬೇಕಾಗುವುದಿಲ್ಲ. ದುಬೈಯಲ್ಲೋ ಮಸ್ಕತ್‌ನಲ್ಲೋ ಶಾಲೆ ಓದಿ 18ರೊಳಗೆ ಹೊರಟವರಿಗೆ ಅಲ್ಲಿಯದೂ ಬೇಡ. ಆದರೂ ಅಧಿಕಾರಿ ಕೇಳಿದರೆ ಕೊಡಬೇಕು. ಡಿಗ್ರಿ ಮುಗಿಸಿ ಹೋದವರಿಗೆ ಭಾರತದ್ದು ಬೇಕೇ ಬೇಕು. ಅದು ನೀವು ಕೊನೆಯ ಸಲ ಭಾರತದಲ್ಲಿ ಆರು ತಿಂಗಳು ಇದ್ದು ಹೊರಟ ಮೇಲೆ ಕೊಟ್ಟದ್ದಾಗಿರಬೇಕು. ಸ್ಟಡಿ ಪರ್ಮಿಟ್‌ಗೆ ಅಂತ ಹೊರಡುವ ಮುಂಚೆ ಮಾಡಿಸಿದ್ದು ನಡೆಯುವುದಿಲ್ಲ.

ಕೆನಡಾದಲ್ಲಿದ್ದರೆ ಭಾರತೀಯ ದೂತಾವಾಸದ ಪರವಾಗಿ ಬಿಎಲ್‌ಎಸ್ ಕೇಂದ್ರದಲ್ಲಿ ಅರ್ಜಿ. ರಜೆಗೆ ಬಂದಿದ್ದರೆ ಪಾಸ್‌ಪೋರ್ಟ್ ಸೇವಾ ವೆಬ್‌ಸೈಟಿನಲ್ಲಿ. ವಿಚಾರಣೆ ಊರಿನ ಠಾಣೆಗೆ ಬರಬಹುದು. ಮನೆಯವರಿಗೆ ಮೊದಲೇ ಹೇಳಿಡಿ. ‘ಮಗ ಎಲ್ಲಿದ್ದಾನೆ ಗೊತ್ತಿಲ್ಲ’ ಅಂತ ತೋಟದ ಕೆಲಸದವರು ಹೇಳಿ ಕಳಿಸಿದರೆ ಆ ಫೈಲು ಮತ್ತೆ ಸುತ್ತು ಹೊಡೆಯುತ್ತದೆ.

ಪ್ರೊಫೈಲ್, ಆಹ್ವಾನ, 60 ದಿನ

ಐಆರ್‌ಸಿಸಿ, ಅಂದರೆ ಕೆನಡಾದ ವಲಸೆ ಇಲಾಖೆಯ, ವೆಬ್‌ಸೈಟಿನಲ್ಲಿ ಪ್ರೊಫೈಲ್ ಮಾಡುವುದಕ್ಕೆ ದುಡ್ಡಿಲ್ಲ. ಒಂದು ವರ್ಷ ಚಾಲ್ತಿಯಲ್ಲಿರುತ್ತದೆ. ಡ್ರಾದಲ್ಲಿ ಅಂಕ ಹೊಂದಿದರೆ ಆಹ್ವಾನ ಬರುತ್ತದೆ. ಅಲ್ಲಿಂದ 60 ದಿನದೊಳಗೆ ಪೂರ್ತಿ ಅರ್ಜಿ. ಆಹ್ವಾನ ಜುಲೈಯಲ್ಲಿ ಬಂತು ಅಂದುಕೊಳ್ಳಿ. ಮಳೆಗಾಲದಲ್ಲಿ ಕೊಡಗಿನ ಕರೆಂಟು, ನೆಟ್‌ವರ್ಕು ನಂಬಿ ‘ಅಮ್ಮಾ ಆ ಕಾಗದ ಸ್ಕ್ಯಾನ್ ಮಾಡಿ ಕಳಿಸು’ ಅಂದರೆ ಆಗುವ ಮಾತಲ್ಲ. ಊರಿನ ಕಾಗದವೆಲ್ಲ ಪ್ರೊಫೈಲ್ ಹಾಕುವ ಮುಂಚೆಯೇ ಕೈಯಲ್ಲಿರಲಿ.

ಅರ್ಜಿಯಲ್ಲಿ ಜಾಸ್ತಿ ಹೊತ್ತು ಹಿಡಿಯುವುದು ಹತ್ತು ವರ್ಷದ, ಇಲ್ಲವೇ 18 ತುಂಬಿದಂದಿನಿಂದಿನ, ಜೀವನ ಚರಿತ್ರೆ. ತಿಂಗಳು ತಿಂಗಳಿನ ಲೆಕ್ಕ ಬೇಕು, ಒಂದು ತಿಂಗಳೂ ಖಾಲಿ ಬಿಡಬಾರದು. ಡಿಗ್ರಿ ಮುಗಿದು ವೀಸಾ ಬರುವವರೆಗೆ ಮನೆಯಲ್ಲಿದ್ದು ಕಾಫಿ ಕೊಯ್ಲಿಗೆ ಕೈಜೋಡಿಸಿದ್ದರೆ ‘ನಿರುದ್ಯೋಗಿ, ಹೆತ್ತವರ ಜೊತೆ ವಾಸ’ ಅಂತ ಬರೆಯಿರಿ. ಅದರಲ್ಲಿ ಅವಮಾನ ಏನಿಲ್ಲ. ವಿಳಾಸಗಳು, ಪ್ರವಾಸಗಳೂ ಹೀಗೇ. ಹುತ್ತರಿಗೆ ಎರಡು ವಾರ ಬಂದದ್ದನ್ನೂ ಸೇರಿಸಿ. ಪಾಸ್‌ಪೋರ್ಟಿನ ಮುದ್ರೆ ಎದುರಿಗಿಟ್ಟುಕೊಂಡು ಬರೆದರೆ ದಿನಾಂಕ ತಪ್ಪುವುದಿಲ್ಲ. ಹಿಂದೆ ಸ್ಟಡಿ ಪರ್ಮಿಟ್‌ಗೆ, ಪಿಜಿಡಬ್ಲ್ಯೂಪಿಗೆ ಹಾಕಿದ ಅರ್ಜಿಗಳ ಪ್ರತಿಯನ್ನೂ ಪಕ್ಕಕ್ಕಿಟ್ಟು ಹೋಲಿಸಿ. ಅವರ ಬಳಿ ಅವೆಲ್ಲ ಇವೆ.

ವೈದ್ಯಕೀಯ ಪರೀಕ್ಷೆ ಅವರ ಪಟ್ಟಿಯಲ್ಲಿರುವ ಡಾಕ್ಟರ ಬಳಿಯೇ ಆಗಬೇಕು. 2025ರ ಆಗಸ್ಟ್ 21ರಿಂದ ಅರ್ಜಿ ಸಲ್ಲಿಸುವ ಮುಂಚೆಯೇ ಮಾಡಿಸಿರಬೇಕು. 2024ರ ಏಪ್ರಿಲ್ 30ರ ಪರಿಷ್ಕರಣೆಯಂತೆ ಅರ್ಜಿ ಪರಿಶೀಲನೆಗೆ 950, ಪಿಆರ್ ಹಕ್ಕಿನ ಶುಲ್ಕ 575, ಒಟ್ಟು 1,525 ಕೆನಡಾ ಡಾಲರ್ ಇತ್ತು. ಎರಡು ವರ್ಷಕ್ಕೊಮ್ಮೆ ಏರಿಸುತ್ತಾರೆ, ಕಟ್ಟುವ ದಿನ ನೋಡಿಕೊಳ್ಳಿ. ಬಯೋಮೆಟ್ರಿಕ್‌ಗೆ ಬೇರೆ 85. ಸಿಇಸಿಯಲ್ಲಿ ಬ್ಯಾಂಕಿನಲ್ಲಿ ಇಂತಿಷ್ಟು ಹಣ ತೋರಿಸಬೇಕು ಅನ್ನುವುದಿಲ್ಲ. ತೋಟ ಅಡವಿಟ್ಟು ದುಡ್ಡು ತೋರಿಸಿ ಅಂತ ಯಾರಾದರೂ ಹೇಳಿದರೆ ಎದ್ದು ಬನ್ನಿ. ಸಹಾಯ ಬೇಕೇ ಬೇಕು ಅಂದರೆ ಕೆನಡಾದ ಲೈಸೆನ್ಸ್ ಇರುವ ಆರ್‌ಸಿಐಸಿ ಸಲಹೆಗಾರರನ್ನೇ ಹಿಡಿಯಿರಿ.

ಮದುವೆ ನಡುವೆ ಬಂದರೆ

ಹುಡುಗನಿಗೆ ಪಿಆರ್ ಆಗುತ್ತದೆ ಅಂದ ಕೂಡಲೇ ಇಲ್ಲಿ ಹೆಣ್ಣು ನೋಡಲು ಶುರುಮಾಡುತ್ತಾರೆ. ಪ್ರೊಫೈಲ್ ಹಾಕಿದ ಮೇಲೆ, ಪಿಆರ್ ಖಚಿತವಾಗುವ ಮುಂಚೆ ಮದುವೆಯಾದರೆ ತಿಳಿಸಲೇಬೇಕು. ಅಂಕದ ಲೆಕ್ಕವೂ ಬದಲಾಗುತ್ತದೆ. ಹೆಂಡತಿ ಜೊತೆಗೆ ಬರದಿದ್ದರೂ ಹೆಸರು ಹಾಕಿ. ಮುಚ್ಚಿಟ್ಟರೆ ಮುಂದೆ ಅವಳನ್ನು ಸ್ಪಾನ್ಸರ್ ಮಾಡಿ ಕರೆಸುವ ದಾರಿಯೇ ಮುಚ್ಚಬಹುದು. ಕೊಡವ ಸಮಾಜದ ಹಾಲ್ ರಸೀದಿ, ಮದುವೆ ಕರೆಯೋಲೆ ಸಾಲದು. ಉಪನೋಂದಣಿ ಕಚೇರಿಯ ವಿವಾಹ ನೋಂದಣಿ ಪತ್ರ ಬೇಕು.

ತೋಟದ ಪ್ರಶ್ನೆ

‘ಪಿಆರ್ ಆದರೆ ತೋಟ ಕೈಬಿಟ್ಟು ಹೋಗುತ್ತಾ?’ ಹಿರಿಯರು ಮೊದಲು ಕೇಳುವುದೇ ಇದನ್ನು. ಹೋಗುವುದಿಲ್ಲ. ಪಿಆರ್ ಅಂದರೆ ಪೌರತ್ವ ಅಲ್ಲ. ಭಾರತದ ಪಾಸ್‌ಪೋರ್ಟ್ ಹಾಗೇ ಇರುತ್ತದೆ. ವಾರಸುದಾರಿಕೆಯಿಂದ ತೋಟ ಬರುತ್ತದೆ. ಆದರೆ ಎನ್‌ಆರ್‌ಐ ಆಗಿರುವಾಗ ಕೃಷಿ ಜಮೀನು, ತೋಟ, ಫಾರ್ಮ್‌ಹೌಸ್ ಕೊಳ್ಳುವಂತಿಲ್ಲ, ದಾನಪತ್ರದಲ್ಲಿ ಪಡೆಯುವಂತೆಯೂ ಇಲ್ಲ. ಅಪ್ಪ ಬದುಕಿರುವಾಗಲೇ ಮಗನ ಹೆಸರಿಗೆ ಗಿಫ್ಟ್ ಡೀಡ್ ಮಾಡಿಬಿಡೋಣ ಅನ್ನುವ ಮನೆಗಳು ಮೊದಲು ವಕೀಲರನ್ನು ಕೇಳಲಿ. ಕೆನಡಾದ ನಿವಾಸಿಯಾದವರು ಊರಿನ ಆದಾಯವನ್ನೂ ಅಲ್ಲಿನ ತೆರಿಗೆ ಲೆಕ್ಕದಲ್ಲಿ ತೋರಿಸಬೇಕು. ಆಸ್ತಿಯ ವೆಚ್ಚ ಒಂದು ಲಕ್ಷ ಡಾಲರ್ ಮೀರಿದರೆ ವಿದೇಶಿ ಆಸ್ತಿಯ ವಿವರ ಕೊಡುವ ಟಿ1135 ಫಾರಂ ಕೂಡ ಬರಬಹುದು.

ಪೌರತ್ವದ ಮಾತು ಆಮೇಲಿನದು. ಐದು ವರ್ಷದಲ್ಲಿ 1,095 ದಿನ ಅಲ್ಲಿದ್ದರೆ ಅರ್ಜಿ ಹಾಕಬಹುದು. ಓದಿದ ಕಾಲಕ್ಕೆ ಬೆಲೆ ಸಿಗುವುದು ಇಲ್ಲಿ: ಪಿಆರ್‌ಗೆ ಮುಂಚಿನ ಪ್ರತಿ ದಿನಕ್ಕೆ ಅರ್ಧ ದಿನ, ಜಾಸ್ತಿ ಅಂದರೆ 365 ದಿನ. ತೆಗೆದುಕೊಂಡರೆ 1955ರ ಪೌರತ್ವ ಕಾಯ್ದೆಯಂತೆ ಭಾರತದ ಪೌರತ್ವ ಹೋಗುತ್ತದೆ, ಒಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಮಾಡಿಸಬೇಕಾಗುತ್ತದೆ.

ಅರ್ಜಿ ಹಾಕಿದ ಮೇಲೆ

ಅರ್ಜಿ ತಲುಪಿದ್ದಕ್ಕೆ ಸ್ವೀಕೃತಿ ಬರುತ್ತದೆ. ಅಷ್ಟರಲ್ಲಿ ಪಿಜಿಡಬ್ಲ್ಯೂಪಿ ಮುಗಿಯುತ್ತಾ ಬಂದಿದ್ದರೆ ಆ ಸ್ವೀಕೃತಿ ಇಟ್ಟುಕೊಂಡು ಬ್ರಿಡ್ಜಿಂಗ್ ಓಪನ್ ವರ್ಕ್ ಪರ್ಮಿಟ್‌ಗೆ ಹಾಕಿ. ಹಳೆಯದು ಮುಗಿಯುವ ಮುಂಚೆಯೇ ಹಾಕಬೇಕು. ಕೆಲಸ ಬದಲಾದರೆ, ಮನೆ ಬದಲಾದರೆ, ಮಗು ಹುಟ್ಟಿದರೆ ತಿಳಿಸಿ. ಸುಮ್ನೆ ದಿನಕ್ಕೆ ನಾಲ್ಕು ಸಲ ಲಾಗಿನ್ ಮಾಡಿ ನೋಡುವುದರಿಂದ ಏನೂ ಆಗುವುದಿಲ್ಲ, ಅಲ್ವಾ? ಆದರೂ ಎಲ್ಲರೂ ಮಾಡುತ್ತಾರೆ.

ಒಪ್ಪಿಗೆ ಆದ ಮೇಲೆ ಪೋರ್ಟಲ್‌ನಲ್ಲಿ ಕೆನಡಾದಲ್ಲೇ ಇದ್ದೇನೆ ಅಂತ ದೃಢಪಡಿಸಿ, ಫೋಟೊ ಮತ್ತು ವಿಳಾಸ ಕೊಟ್ಟರೆ ದೃಢೀಕರಣ ಪತ್ರ ಆನ್‌ಲೈನಿನಲ್ಲೇ ಬರುತ್ತದೆ. ಪಿಆರ್ ಕಾರ್ಡ್ ಆಮೇಲೆ ಅಂಚೆಯಲ್ಲಿ, ಕೆನಡಾದ ವಿಳಾಸಕ್ಕೆ ಮಾತ್ರ. ಅದನ್ನು ಉಳಿಸಿಕೊಳ್ಳಲು ಐದು ವರ್ಷದಲ್ಲಿ 730 ದಿನ ಅಲ್ಲಿರಬೇಕು. ಕಾರ್ಡ್ ಕೈಗೆ ಬರುವ ಮುಂಚೆಯೇ ಊರಿಗೆ ಬಂದರೆ ವಾಪಸು ವಿಮಾನ ಹತ್ತಲು ಪಿಆರ್ ಟ್ರಾವೆಲ್ ಡಾಕ್ಯುಮೆಂಟ್ ಅಂತ ಬೇರೆ ಅರ್ಜಿ ಹಾಕಿ ಕಾಯಬೇಕು. ಆದ್ದರಿಂದ ಕಾವೇರಿ ಸಂಕ್ರಮಣಕ್ಕೋ ಹುತ್ತರಿಗೋ ಟಿಕೆಟ್ ಮಾಡಿಸುವವರು ಕಾರ್ಡ್ ಬಂದ ಮೇಲೆ ಮಾಡಿಸಿ.